ಉಣ್ಣೆ ಹರಡುವ ಅನಾಪ್ಲಾಸ್ಮ ರೋಗ ಮತ್ತು ಸರ್ ಆರ್ನಾಲ್ಡ್ ಥೈಲರ್ ಅವರ ಸಂಶೋಧನೆ

ಮಿಶ್ರತಳಿ ಹಸುಗಳನ್ನು ಸಾಕುವ ರೈತರಿಗೆ ಉಣ್ಣೆಯ ಕಾಟ ಹೊಸದಲ್ಲ. ಕೆಲವು ಜಿಲ್ಲೆಗಳಲ್ಲಿ ಇದನ್ನೇ ಉಣುಗು ಎನ್ನುತ್ತಾರೆ. ಕೆಚ್ಚಲಿನ ಸಂದಿ, ಕಿವಿಯ ಒಳಭಾಗ, ಬಾಲದ ಬುಡ, ಗಂಗೆದೊಗಲು, ಹೀಗೆ ಚರ್ಮ ತೆಳುವಾಗಿರುವ ಕಡೆಯಲ್ಲೆಲ್ಲ ಕಚ್ಚಿಕೊಂಡು ಅದು ರಕ್ತ ಹೀರುತ್ತದೆ. ಹೀರಿದ ರಕ್ತದಿಂದಾಗುವ ನಷ್ಟಕ್ಕಿಂತ, ಕಚ್ಚುವಾಗ ರಾಸಿನ ಮೈಯೊಳಗೆ ಬಿಟ್ಟುಹೋಗುವ ರೋಗಾಣುಗಳಿಂದಾಗುವ ನಷ್ಟವೇ ಹೆಚ್ಚು.

ವಿಸ್ತರಣಾ ಕಾರ್ಯಕರ್ತರಿಗೆ ಹಳ್ಳಿಗಳಲ್ಲಿ ಎದುರಾಗುವ ಪ್ರಶ್ನೆಯೊಂದಿದೆ. ಸಾಲ ಮಾಡಿ ದೂರದ ಊರಿನಿಂದ ಎರಡನೇ ಸೂಲಿನ ಒಳ್ಳೆಯ ಹಸುವನ್ನು ತರುತ್ತಾರೆ. ಒಂದೆರಡು ತಿಂಗಳೊಳಗೆ ಅದಕ್ಕೆ ಜ್ವರ ಬಂದು, ಹಾಲು ಇಳಿದು, ಕಣ್ಣು ಹಳದಿಯಾಗಿ ಸಾಯುತ್ತದೆ. ಅದೇ ಕೊಟ್ಟಿಗೆಯಲ್ಲಿ, ಅದೇ ಉಣ್ಣೆಗಳ ನಡುವೆ ಕಟ್ಟಿದ ನಾಟಿ ಹಸುವಿಗೆ ಏನೂ ಆಗುವುದಿಲ್ಲ. ಇದಕ್ಕೆ ಕಾರಣವೇನು? ಉತ್ತರದ ಮೊದಲ ಭಾಗವನ್ನು ನೂರು ವರ್ಷಗಳಿಗೂ ಹಿಂದೆ ದಕ್ಷಿಣ ಆಫ್ರಿಕದಲ್ಲಿ ಒಬ್ಬ ಪಶುವೈದ್ಯರು ಕಂಡುಕೊಂಡರು. ಅವರ ಕೆಲಸವನ್ನು ತಿಳಿದರೆ ರೋಗವನ್ನು ತಿಳಿದಂತೆಯೇ ಸರಿ.

ಥೈಲರ್ ಯಾರು?

ಆರ್ನಾಲ್ಡ್ ಥೈಲರ್ ಹುಟ್ಟಿದ್ದು 1867ರಲ್ಲಿ, ಸ್ವಿಟ್ಜರ್ಲೆಂಡಿನ ಫ್ರಿಕ್ ಎಂಬ ಊರಿನಲ್ಲಿ. ಪಶುವೈದ್ಯ ಪದವಿ ಪಡೆದು 1891ರಲ್ಲಿ ಆಫ್ರಿಕದ ಟ್ರಾನ್ಸ್‌ವಾಲ್ ಪ್ರಾಂತಕ್ಕೆ ಹೋದರು. ಅಲ್ಲಿ ಜಮೀನೊಂದರಲ್ಲಿ ಕೆಲಸಕ್ಕಿದ್ದಾಗ ಕೃಷಿಯಂತ್ರಕ್ಕೆ ಸಿಕ್ಕಿ ಎಡಗೈಯನ್ನು ಕಳೆದುಕೊಂಡರು. ಸೂಕ್ಷ್ಮದರ್ಶಕ ಹಿಡಿದು ಮುಂದೆ ಅವರು ಮಾಡಿದ ಕೆಲಸವೆಲ್ಲ ಒಂದೇ ಕೈಯಿಂದ ಎಂಬುದನ್ನು ಓದುಗರು ನೆನಪಿಡಬೇಕು.

1893ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಸಿಡುಬು ಹಬ್ಬಿದಾಗ ಲಸಿಕೆ ತಯಾರಿಸಿಕೊಟ್ಟು ಹೆಸರಾದರು. 1896ರಲ್ಲಿ ದೊಡ್ಡರೋಗ ಆ ನಾಡಿನ ದನಗಳನ್ನು ಬಲಿ ತೆಗೆದುಕೊಂಡಾಗ ಸರ್ಕಾರದ ಪಶುವೈದ್ಯರಾಗಿ ಅದರ ವಿರುದ್ಧ ದುಡಿದರು. (ಆ ದೊಡ್ಡರೋಗವು 2011ರ ಹೊತ್ತಿಗೆ ಜಗತ್ತಿನಿಂದಲೇ ನಿರ್ಮೂಲವಾಯಿತು.) 1908ರಲ್ಲಿ ಪ್ರಿಟೋರಿಯದ ಹತ್ತಿರ ಒಂಡರ್‌ಸ್ಟೆಪೂರ್ಟ್ ಸಂಶೋಧನಾಲಯ ಅವರ ನೇತೃತ್ವದಲ್ಲಿ ಆರಂಭವಾಯಿತು. ನಮ್ಮ ಮಿಶ್ರತಳಿ ರಾಸುಗಳಲ್ಲಿ ಕಂಡುಬರುವ ಥೈಲೀರಿಯಾಸಿಸ್ ರೋಗದ ಹೆಸರು ಬಂದಿರುವುದು ಇವರಿಂದಲೇ.

ಬೇಸಾಯಶಾಸ್ತ್ರದವನಾದ ನನಗೆ ಅವರ ಇನ್ನೊಂದು ಕೆಲಸ ಅಷ್ಟೇ ಮೆಚ್ಚಿಗೆಯಾದುದು. ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ಬೆಳೆದ ಹುಲ್ಲನ್ನು ತಿಂದ ದನಗಳು ಹಸಿವಿಗಲ್ಲ, ರಂಜಕಕ್ಕಾಗಿ ಸತ್ತ ಪ್ರಾಣಿಗಳ ಮೂಳೆ ಕಡಿಯುತ್ತವೆ; ಆ ಕೊಳೆತ ಮೂಳೆಯ ವಿಷದಿಂದ ಕಾಲು ಸೋತು ಸಾಯುತ್ತವೆ ಎಂದು ಅವರು ಮತ್ತು ಅವರ ಸಂಗಡಿಗರು ತೋರಿಸಿದರು. ಮೂಳೆಪುಡಿ ತಿನ್ನಿಸುವುದೇ ಅದಕ್ಕೆ ಪರಿಹಾರವಾಯಿತು. ಅದು ಬೇರೆಯೇ ಲೇಖನದ ವಿಷಯ.

ರಕ್ತಕಣದ ಅಂಚಿನಲ್ಲೊಂದು ಚುಕ್ಕೆ

ಉಣ್ಣೆಯಿಂದ ದನಗಳಿಗೆ ರೋಗ ಹರಡುತ್ತದೆಂದು ಮೊದಲು ಸಿದ್ಧಪಡಿಸಿದವರು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್. 1893ರಲ್ಲಿ ಅವರು ಕೆಂಪು ಮೂತ್ರ ರೋಗದ ಏಕಾಣುಜೀವಿಯನ್ನು ವರ್ಣಿಸಿದರು. ಕೆಲವು ರಾಸುಗಳ ಕೆಂಪು ರಕ್ತಕಣದ ಅಂಚಿನಲ್ಲಿ ಸಣ್ಣ ಚುಕ್ಕೆಗಳೂ ಅವರಿಗೆ ಕಂಡಿದ್ದವು. ಅವು ಅದೇ ಏಕಾಣುಜೀವಿಯ ಇನ್ನೊಂದು ಅವಸ್ಥೆ ಇರಬೇಕೆಂದು ಅವರು ಭಾವಿಸಿದರು.

ಥೈಲರ್ ಇದನ್ನು ಒಪ್ಪಲಿಲ್ಲ. ಚೇತರಿಸಿಕೊಂಡ ರಾಸಿನ ರಕ್ತವನ್ನು ರೋಗ ಕಾಣದ ರಾಸಿಗೆ ಚುಚ್ಚಿದಾಗ ಕೆಂಪು ಮೂತ್ರದ ಜ್ವರ ಬೇಗ ಬರುತ್ತಿತ್ತು. ಚುಕ್ಕೆಗಳು ಕಾಣಿಸಿಕೊಳ್ಳುವ ಜ್ವರ ವಾರಗಳ ನಂತರ ಬೇರೆಯಾಗಿಯೇ ಬರುತ್ತಿತ್ತು. ಎರಡು ಜ್ವರ ಎಂದ ಮೇಲೆ ಎರಡು ರೋಗಾಣು ಇರಲೇಬೇಕು. 1910ರಲ್ಲಿ ಅವರು ಚುಕ್ಕೆಗೆ ಅನಾಪ್ಲಾಸ್ಮ ಮಾರ್ಜಿನೇಲ್ ಎಂದು ಹೆಸರಿಟ್ಟರು. ಮಾರ್ಜಿನೇಲ್ ಎಂದರೆ ಅಂಚಿನದು. ಅಲ್ಲಿನ ರೈತರು ಪಿತ್ತದ ರೋಗವೆಂದು ಕರೆಯುತ್ತಿದ್ದ ಕಾಯಿಲೆಗೆ ಹೀಗೆ ಕಾರಣ ಸಿಕ್ಕಿತು. ಅದೂ ಏಕಾಣುಜೀವಿ ಎಂದೇ ಥೈಲರ್ ಎಣಿಸಿದ್ದರು. ಅದು ಜೀವಕೋಶದ ಒಳಗೆ ಮಾತ್ರ ಬದುಕಬಲ್ಲ ಬ್ಯಾಕ್ಟೀರಿಯ ಎಂಬುದು ಮುಂದೆ ಸ್ಥಿರಪಟ್ಟಿತು.

ಈ ವ್ಯತ್ಯಾಸ ರೈತನಿಗೂ ಉಪಯುಕ್ತ. ಕೆಂಪು ಮೂತ್ರ ರೋಗದಲ್ಲಿ ರಕ್ತಕಣಗಳು ರಕ್ತನಾಳದಲ್ಲೇ ಒಡೆದು ಬಣ್ಣ ಮೂತ್ರಕ್ಕೆ ಇಳಿಯುತ್ತದೆ. ಅನಾಪ್ಲಾಸ್ಮ ಹಾಗೆ ಒಡೆಯುವುದಿಲ್ಲ. ಸೋಂಕಿದ ಕಣಗಳನ್ನು ರಾಸಿನ ಗುಲ್ಮವೇ ಹಿಡಿದು ನಾಶ ಮಾಡುತ್ತದೆ. ಆದ್ದರಿಂದ ರಕ್ತಹೀನತೆ, ಕಾಮಾಲೆ, ಮಲಬದ್ಧತೆ, ಗಬ್ಬದ ಹಸುವಿನಲ್ಲಿ ಗರ್ಭಪಾತ ಇವೆಲ್ಲ ಇದ್ದರೂ ಮೂತ್ರ ಕೆಂಪಾಗಿರುವುದಿಲ್ಲ.

ಸೌಮ್ಯವಾದ ದಾಯಾದಿ

1911ರಲ್ಲಿ ಥೈಲರ್ ಅವರಿಗೆ ಇನ್ನೊಂದು ಬಗೆ ಸಿಕ್ಕಿತು. ಇದರ ಚುಕ್ಕೆಗಳು ಹೆಚ್ಚಾಗಿ ರಕ್ತಕಣದ ನಡುಭಾಗದಲ್ಲಿ ಇರುತ್ತಿದ್ದವು. ಇದಕ್ಕೆ ಅನಾಪ್ಲಾಸ್ಮ ಸೆಂಟ್ರೇಲ್ ಎಂದು ಹೆಸರು. ಇದು ತಗಲಿದ ರಾಸುಗಳಿಗೆ ಸ್ವಲ್ಪ ಜ್ವರ, ಸ್ವಲ್ಪ ರಕ್ತಹೀನತೆ ಬಂದು ವಾಸಿಯಾಗುತ್ತಿತ್ತು. ವಾಸಿಯಾದವು ಮುಂದೆ ಉಗ್ರ ರೋಗಾಣು ಬಂದರೂ ತಾಳಿಕೊಳ್ಳುತ್ತಿದ್ದವು. ಹಸುವಿನ ಸಿಡುಬು ಮನುಷ್ಯನ ಸಿಡುಬನ್ನು ತಡೆಯುವ ಕ್ರಮವೇ ಇದು. 1893ರಲ್ಲಿ ಸಿಡುಬಿನ ಲಸಿಕೆ ಮಾಡಿದ್ದವರಿಗೆ ಇದರ ಬೆಲೆ ತಕ್ಷಣ ತಿಳಿದಿರಬೇಕು.

ಅಂದು ಬೇರ್ಪಡಿಸಿದ ರೋಗಾಣುವಿನ ಸಂತತಿಯನ್ನೇ ಇಂದಿಗೂ ಸಜೀವ ಲಸಿಕೆಯಾಗಿ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಇಸ್ರೇಲ್ ಮುಂತಾದ ಕಡೆ ಬಳಸುತ್ತಾರೆ. ಆದರೆ ಇದರಲ್ಲಿ ತೊಡಕುಗಳಿವೆ. ಲಸಿಕೆಯನ್ನು ಕರುಗಳ ರಕ್ತದಿಂದ ತಯಾರಿಸಬೇಕು. ಆ ರಕ್ತದ ಜೊತೆ ಬೇರೆ ರೋಗಾಣು ಬಾರದಂತೆ ಬಹಳ ಎಚ್ಚರ ಬೇಕು. ರಕ್ಷಣೆಯೂ ಎಲ್ಲ ದೇಶಗಳಲ್ಲಿ ಒಂದೇ ಸಮನಾಗಿಲ್ಲ. ಅಮೆರಿಕದಲ್ಲಿ ಕೊಂದ ರೋಗಾಣುವಿನ ಲಸಿಕೆಯನ್ನು ಬಳಸಿದ್ದುಂಟು. ಅದು ರೋಗದ ತೀವ್ರತೆಯನ್ನು ಇಳಿಸಿತೇ ಹೊರತು ಸೋಂಕನ್ನು ತಡೆಯಲಿಲ್ಲ. ನಮ್ಮಲ್ಲಿ ಮಾರಾಟಕ್ಕೆ ಸಿಗುವುದು ಥೈಲೀರಿಯಾಸಿಸ್ ಲಸಿಕೆ. ಅದರಿಂದ ಅನಾಪ್ಲಾಸ್ಮ ತಡೆಯುತ್ತದೆಂದು ಯಾರೂ ನಂಬಬಾರದು.

ರೋಗಾಣು ವೇಷ ಬದಲಿಸುತ್ತದೆ

ಚೇತರಿಸಿಕೊಂಡ ರಾಸಿನ ರಕ್ತದಿಂದ ರೋಗ ಮತ್ತೊಂದಕ್ಕೆ ಅಂಟುತ್ತದೆ ಎಂಬುದೇ ಥೈಲರ್ ಅವರ ಪ್ರಯೋಗಗಳ ಬುನಾದಿ. ಅಂದರೆ ವಾಸಿಯಾದ ಮೇಲೂ ರೋಗಾಣು ಒಳಗೇ ಇರುತ್ತದೆ. ನಿರೋಧಕ ಶಕ್ತಿಯೂ ಇದೆ, ರೋಗಾಣುವೂ ಇದೆ, ಇದು ಹೇಗೆ? ಈ ಭಾಗವನ್ನು ಬಿಡಿಸಿದವರು ಇತ್ತೀಚಿನ ದಶಕಗಳ ವಿಜ್ಞಾನಿಗಳು, ಮುಖ್ಯವಾಗಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಗೈ ಪಾಮರ್ ಮತ್ತು ಅವರ ಸಂಗಡಿಗರು.

ರೋಗಾಣುವಿನ ಮೈಮೇಲೆ ಕೆಲವು ಪ್ರೋಟೀನುಗಳಿವೆ. ರಾಸಿನ ದೇಹ ಅವುಗಳನ್ನು ಗುರುತಿಸಿ ಪ್ರತಿವಿಷ ವಸ್ತುಗಳನ್ನು ತಯಾರಿಸುತ್ತದೆ. ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಅಷ್ಟರಲ್ಲಿ ಉಳಿದ ಕೆಲವು ತಮ್ಮ ಹೊರ ಪ್ರೋಟೀನನ್ನು ಬದಲಿಸಿಕೊಂಡಿರುತ್ತವೆ. ಬಯಲಾಟದಲ್ಲಿ ಒಬ್ಬನೇ ಪಾತ್ರಧಾರಿ ಒಂದೇ ಪೆಟ್ಟಿಗೆಯ ಕಿರೀಟ, ಭುಜಕೀರ್ತಿಗಳನ್ನು ಅದಲುಬದಲು ಮಾಡಿ ಬೇರೆ ಬೇರೆ ವೇಷ ಕಟ್ಟುವಂತೆ, ರೋಗಾಣುವು ತನ್ನ ಅನುವಂಶಿಕ ವಸ್ತುವಿನಲ್ಲಿ ಕೂಡಿಟ್ಟ ಅರೆಬರೆ ತುಣುಕುಗಳನ್ನು ಒಂದೇ ಜಾಗಕ್ಕೆ ಜೋಡಿಸಿ ಹೊಸ ಹೊಸ ರೂಪ ತಾಳುತ್ತದೆ. ಅದರ ಇಡೀ ಅನುವಂಶಿಕ ವಸ್ತುವನ್ನು ಓದಿ 2005ರಲ್ಲಿ ಪ್ರಕಟಿಸಿದಾಗ ಈ ಪೆಟ್ಟಿಗೆ ಎಷ್ಟು ಚಿಕ್ಕದು, ವೇಷಗಳು ಎಷ್ಟು ಹೆಚ್ಚು ಎಂಬುದು ಸ್ಪಷ್ಟವಾಯಿತು. ಹೊಸ ರೂಪದವು ಹೆಚ್ಚುತ್ತವೆ, ದೇಹ ಮತ್ತೆ ಅವನ್ನು ಅಡಗಿಸುತ್ತದೆ, ಕೆಲವು ವಾರಗಳಲ್ಲಿ ಮತ್ತೊಂದು ರೂಪ. ರಾಸು ಬದುಕಿರುವವರೆಗೂ ಈ ಹಗ್ಗಜಗ್ಗಾಟ ನಡೆದೇ ಇರುತ್ತದೆ. ನೋಡುವವರಿಗೆ ಅದು ಆರೋಗ್ಯವಾಗಿಯೇ ಕಾಣುತ್ತದೆ.

ಕೊಟ್ಟಿಗೆಗೆ ಇದರಿಂದ ತಿಳಿಯುವುದೇನು?

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಆರು ತಿಂಗಳೊಳಗಿನ ಕರುವಿಗೆ ಈ ಸೋಂಕು ಬಂದರೆ ಸಾಮಾನ್ಯವಾಗಿ ಗೊತ್ತೇ ಆಗದಂತೆ ಹೋಗುತ್ತದೆ. ಎರಡು ವರ್ಷ ದಾಟಿದ ರಾಸಿಗೆ ಮೊದಲ ಬಾರಿ ಬಂದರೆ ಉಗ್ರವಾಗಿರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಅರ್ಧದಷ್ಟು ಸಾಯಲೂಬಹುದು. ನಾಟಿ ಹಸು ಕರುವಾಗಿದ್ದಾಗಲೇ ಸೋಂಕು ಕಂಡಿದೆ, ಅದರ ಮೈಗೆ ಹತ್ತುವ ಉಣ್ಣೆಗಳೂ ಕಡಿಮೆ. ಉಣ್ಣೆ ಇಲ್ಲದ ಕೊಟ್ಟಿಗೆಯಲ್ಲಿ ಬೆಳೆದ ದುಬಾರಿ ಹಸು ರೋಗವನ್ನು ಕಂಡೇ ಇಲ್ಲ. ನೆರೆಯ ನಾಟಿ ಹಸುವಿನ ರಕ್ತವೇ ಅದಕ್ಕೆ ರೋಗದ ಮೂಲವಾಗಬಹುದು.

ಆದ್ದರಿಂದ ಹಸು ಕೊಳ್ಳುವಾಗ ಹಾಲಿನ ಲೆಕ್ಕದ ಜೊತೆಗೆ, ಅದು ಬೆಳೆದ ಜಾಗದಲ್ಲಿ ಉಣ್ಣೆ ಇತ್ತೇ ಎಂದು ಕೇಳಬೇಕು. ಇರಲಿಲ್ಲವೆಂದರೆ ಅದು ಹೆಗ್ಗಳಿಕೆಯಲ್ಲ, ಎಚ್ಚರಿಕೆಯ ಮಾತು. ಸೋಂಕು ತಗಲಿದ ಮೇಲೆ ರೋಗ ಕಾಣಲು ಒಂದು ವಾರದಿಂದ ಎರಡು ತಿಂಗಳವರೆಗೆ ಹಿಡಿಯುವುದರಿಂದ ತಂದ ಮೊದಲ ಎರಡು ಮೂರು ತಿಂಗಳು ಅಂತಹ ಹಸುವಿನ ಮೈಯನ್ನು ದಿನವೂ ತಡವಿ ನೋಡತಕ್ಕದ್ದು. ಜ್ವರ ಬಂದು ಹಾಲು ಇಳಿದ ದಿನವೇ ಪಶುವೈದ್ಯರನ್ನು ಕರೆಸಿ ರಕ್ತಲೇಪನದ ಪರೀಕ್ಷೆ ಮಾಡಿಸಬೇಕು. ಆಕ್ಸಿಟೆಟ್ರಾಸೈಕ್ಲಿನ್ ಔಷಧ ಆರಂಭದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ; ಕಣ್ಣು ಹಳದಿಯಾಗುವವರೆಗೆ ಕಾದರೆ ಅದರ ಪ್ರಯೋಜನ ಕಡಿಮೆ. ರಕ್ತ ತೀರ ಇಳಿದ ಹಸುವನ್ನು ಆಸ್ಪತ್ರೆಗೆಂದು ಬಿಸಿಲಿನಲ್ಲಿ ಮೈಲಿಗಟ್ಟಲೆ ನಡೆಸಬಾರದು. ಆ ಆಯಾಸಕ್ಕೇ ಅದು ಬಿದ್ದು ಸಾಯಬಹುದು.

ಉಣ್ಣೆಯ ಹೆಣ್ಣು ರಾಸಿನ ಮೈಮೇಲೆ ಸುಮಾರು ಮೂರು ವಾರ ಬೆಳೆದು, ಕೆಳಗೆ ಬಿದ್ದು, ಗೋಡೆ ಮತ್ತು ನೆಲದ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ರಾಸಿನ ಮೈಗೆ ಔಷಧಿ ಹಾಕಿ ಬಿರುಕುಗಳನ್ನು ಹಾಗೇ ಬಿಟ್ಟರೆ ಶ್ರಮ ವ್ಯರ್ಥ. ಗಂಡು ಉಣ್ಣೆ ಒಂದು ರಾಸಿನಿಂದ ಇನ್ನೊಂದಕ್ಕೆ ಹೋಗುವುದರಿಂದ ಒತ್ತೊತ್ತಾಗಿ ಕಟ್ಟಿದಲ್ಲಿ ಸೋಂಕು ಬೇಗ ಹರಡುತ್ತದೆ. ಕಚ್ಚುವ ದೊಡ್ಡ ನೊಣಗಳೂ ರೋಗವನ್ನು ಸಾಗಿಸುತ್ತವೆ. ಇನ್ನೊಂದು ಸಾಧನ ನಮ್ಮ ಕೈಯಲ್ಲೇ ಇದೆ: ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತು ರಾಸುಗಳಿಗೆ ಚುಚ್ಚುಮದ್ದು ಕೊಡುವುದು, ಕೊಂಬು ತೆಗೆಯುವ ಉಪಕರಣವನ್ನು ತೊಳೆಯದೆ ಮುಂದಿನ ರಾಸಿಗೆ ಬಳಸುವುದು. ವಾಸಿಯಾದ ರಾಸುಗಳು ಗುರುತೇ ಇಲ್ಲದೆ ಮಂದೆಯಲ್ಲಿ ಇರುವುದರಿಂದ ಪ್ರತಿ ರಾಸಿಗೂ ಬೇರೆ ಸೂಜಿ ಬಳಸುವಂತೆ ರೈತರೇ ಕೇಳಿ ಮಾಡಿಸಬೇಕು.