ಪಿಯುಸಿ ನಂತರದ ಕವಲು: ಬಿ.ಬಿ.ಎಂ.ನೋ, ಬಿ.ಎ.ಯೋ

ದ್ವಿತೀಯ ಪಿಯುಸಿ ಮುಗಿದ ಮೇಲೆ ವಾಣಿಜ್ಯ ನಿರ್ವಹಣೆಯ ಪದವಿಗೆ ಸೇರಬೇಕೇ ಅಥವಾ ಕಲಾ ವಿಭಾಗಕ್ಕೇ ಎಂಬ ಪ್ರಶ್ನೆಯನ್ನು ಕರ್ನಾಟಕದ ಮನೆಗಳಲ್ಲಿ ಬಹುಮಟ್ಟಿಗೆ ನೌಕರಿಯ ತಕ್ಕಡಿಯಲ್ಲಿಟ್ಟೇ ತೂಗಲಾಗುತ್ತದೆ. ಒಂದು ಪದವಿಯಿಂದ ಮುಂದೆ ಯಾವ ಓದಿಗೆ ದಾರಿಯಿದೆ, ಯಾವುದಕ್ಕಿಲ್ಲ ಎಂಬುದನ್ನು ಅರ್ಜಿ ತುಂಬುವ ಮೊದಲೇ ವಿಚಾರಿಸುವವರು ವಿರಳ. ಪ್ರಸ್ತುತ ಲೇಖಕಿಯೂ ವಿಚಾರಿಸದವರ ಸಾಲಿನವಳೇ.

ಕಲಾ ವಿಭಾಗವೆಂದರೆ ಇಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಾಹಿತ್ಯ ಮೊದಲಾದವುಗಳಿಂದ ಕೆಲವನ್ನು ಐಚ್ಛಿಕಗಳಾಗಿ, ಅಂದರೆ ಪದವಿಯ ಮುಖ್ಯ ವಿಷಯಗಳಾಗಿ ಆರಿಸಿಕೊಂಡು ಓದುವ ಬಿ.ಎ. ಲೇಖಕಿ ಆರಿಸಿಕೊಂಡದ್ದು ಇಂದು ಬಿ.ಬಿ.ಎ. ಎಂದು ಕರೆಯಲಾಗುವ ಬಿ.ಬಿ.ಎಂ. ಪದವಿಯನ್ನು. ಆ ಓದು ವ್ಯರ್ಥವಾಯಿತೆನ್ನುವುದು ಅನ್ಯಾಯದ ಮಾತಾದೀತು. ಎಲ್ಲ ಖಾತೆಗಳ ಡೆಬಿಟ್, ಕ್ರೆಡಿಟ್ ಶಿಲ್ಕುಗಳನ್ನು ಎದುರುಬದುರಾಗಿಟ್ಟು ಕೂಡುವ ಟ್ರಯಲ್ ಬ್ಯಾಲೆನ್ಸ್ ಪಟ್ಟಿಯಲ್ಲಿ 90 ರೂಪಾಯಿ ತಾಳೆಯಾಗದಿದ್ದಾಗ, ಆ ವ್ಯತ್ಯಾಸ 9ರಿಂದ ಭಾಗವಾಗುವುದರಿಂದ 540 ಎಂಬುದನ್ನು ಎಲ್ಲೋ 450 ಎಂದು ಬರೆದಿರಬಹುದೆಂದು ಶಂಕಿಸಿ ಪುಟಪುಟ ಹುಡುಕುವ ಅಭ್ಯಾಸ ಅಲ್ಲಿಯೇ ಬಂದದ್ದು.

ಲೆಕ್ಕಪತ್ರದ ಈ ನಂಟೇ ಆಕೆಯನ್ನು ಇತಿಹಾಸದತ್ತ ಸೆಳೆದದ್ದು ತುಸು ವಿಚಿತ್ರ. ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕಕ್ಕೆ ಕಡತವೆಂದು ಹೆಸರು. ಇಂದಿನ ಕಚೇರಿಯ ಫೈಲಿಗೆ ಅಂಟಿಕೊಂಡಿರುವುದೂ ಅದೇ ಪದ. ಜಮೆ-ಖರ್ಚನ್ನು ಕಡತದಲ್ಲಿ ಹೇಗೆ ಬರೆದಿಡುತ್ತಿದ್ದರೆಂಬ ಕುತೂಹಲ ಬಿ.ಬಿ.ಎಂ. ಪಠ್ಯದಲ್ಲಿ ತಣಿಯುವಂಥದ್ದಾಗಿರಲಿಲ್ಲ.

ಇತಿಹಾಸದ ಎಂ.ಎ.ಗೆ ಅರ್ಜಿ ಹಾಕಿದಾಗ ಗುಮಾಸ್ತರು ಅಂಕಪಟ್ಟಿಯ ಮೇಲೆ ಬೆರಳಾಡಿಸಿ, ಪದವಿಯಲ್ಲಿ ಇತಿಹಾಸ ಐಚ್ಛಿಕವಾಗಿರಲಿಲ್ಲವೆಂದು ಅದನ್ನು ಹಿಂದಿರುಗಿಸಿದರು. ಅವರದೇನೂ ತಪ್ಪಲ್ಲ, ನಿಯಮವೇ ಹಾಗಿತ್ತು. ಎದುರು ದಿಕ್ಕಿನ ಹಾದಿಗಾದರೋ ಇಷ್ಟು ಬಿಗಿಯಿಲ್ಲ: ಐಐಎಂಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಗೆ ಸಾಮಾನ್ಯ ವರ್ಗದವರು ಯಾವುದೇ ವಿಷಯದ ಪದವಿಯಲ್ಲಿ ಶೇ. 50 ಅಂಕ ಪಡೆದಿದ್ದರೆ ಸಾಕು. ಚಾರ್ಟರ್ಡ್ ಅಕೌಂಟೆನ್ಸಿಯ ಮಧ್ಯಂತರ ಹಂತಕ್ಕೂ ವಾಣಿಜ್ಯ ಪದವೀಧರರು ಶೇ. 55ರಷ್ಟು, ಉಳಿದವರು ಶೇ. 60ರಷ್ಟು ಅಂಕಗಳೊಂದಿಗೆ ನೇರವಾಗಿ ಸೇರಬಹುದು. ಬಿ.ಎ. ಓದಿದವರಿಗೆ ಎಂ.ಕಾಂ. ದುರ್ಲಭವೆಂಬುದು ನಿಜವಾದರೂ, ಒಟ್ಟಿನಲ್ಲಿ ನೋಡಿದರೆ ಕಲೆಯಿಂದ ನಿರ್ವಹಣೆಗೆ ಹೊರಳುವುದು ನಿರ್ವಹಣೆಯಿಂದ ಕಲೆಗೆ ಹೊರಳುವುದಕ್ಕಿಂತ ಸುಲಭ. ಆದ್ದರಿಂದ ಎರಡರ ನಡುವೆ ತೂಗಾಡುತ್ತಿರುವ, ಆದರೆ ಪದವಿ ಮುಗಿದೊಡನೆ ದುಡಿಯಲೇಬೇಕಾದ ಒತ್ತಡವಿಲ್ಲದ ವಿದ್ಯಾರ್ಥಿ ಬಿ.ಎ.ಯನ್ನೇ ಮೊದಲು ಪರಿಶೀಲಿಸುವುದು ಲೇಸೆಂಬುದು ಲೇಖಕಿಯ ಅಭಿಪ್ರಾಯ. ಆ ಒತ್ತಡವಿರುವ ಮನೆಯ ಲೆಕ್ಕವೇ ಬೇರೆ.

ಆಕೆಗೆ ಕೊನೆಗೆ ದಾರಿ ಕೊಟ್ಟದ್ದು ಯಾವುದೇ ಪದವೀಧರರನ್ನು ಇತಿಹಾಸದ ಎಂ.ಎ.ಗೆ ಸೇರಿಸಿಕೊಳ್ಳುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ. ಹಗಲಿಡೀ ಕಚೇರಿಯ ಲೆಕ್ಕ ಬರೆದು, ರಾತ್ರಿ ಅಂಚೆಯಲ್ಲಿ ಬಂದ ಪಠ್ಯಪುಸ್ತಿಕೆಗಳನ್ನು ಓದುತ್ತ, ಮಾರ್ಚ್ ತಿಂಗಳ ಲೆಕ್ಕ ಮುಗಿಸುವ ಭರಾಟೆಯಲ್ಲಿ ಅಸೈನ್‌ಮೆಂಟಿನ ಗಡುವು ತಪ್ಪಿಸಿಕೊಳ್ಳುತ್ತ, ಎರಡು ವರ್ಷಗಳ ಆ ಪದವಿಗೆ ಆಕೆ ನಾಲ್ಕು ವರ್ಷ ತೆಗೆದುಕೊಂಡಳು.