ಹದಿಹರೆಯದ ಆರೋಗ್ಯ ಮತ್ತು ಮನೆಯ ಮೌನ

ಶರಣರು ಐದು ಸೂತಕಗಳನ್ನು ಅಲ್ಲಗಳೆದರು. ಮುಟ್ಟಿನ ಸೂತಕವೂ ಅವುಗಳಲ್ಲೊಂದು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರೆಂದು ಹೆಸರಾದ ಇಂಗಳೇಶ್ವರದಲ್ಲಿ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಮಗಳು ಮೈನೆರೆದರೆ ನಮ್ಮ ಮನೆಗಳಲ್ಲಿ ತಾಯಿ ದನಿ ತಗ್ಗಿಸುತ್ತಾಳೆ. ಮಗನ ದನಿ ಒಡೆದರೆ ತಂದೆ ಕಂಡೂ ಕಾಣದಂತಿರುತ್ತಾನೆ. ಮನೆಯಲ್ಲಿ ದೊರೆಯದ ಉತ್ತರವನ್ನು ಮಕ್ಕಳು ಮೊಬೈಲಿನಲ್ಲಿ ಅರಸುತ್ತಾರೆ.

ಈ ಮೌನದೊಡನೆ ನಮ್ಮ ಭಾಗದಲ್ಲಿ ಬಾಲ್ಯವಿವಾಹವೂ ಕೂಡಿಕೊಂಡಿದೆ. ‘ಸಮತಾ’ ಎಂಬ ಯೋಜನೆಯು 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಎರಡು ಸಾವಿರಕ್ಕೂ ಹೆಚ್ಚು ಹುಡುಗಿಯರ ಬದುಕನ್ನು ಗಮನಿಸಿತು. ಹೈಸ್ಕೂಲು ಮುಗಿಯುವ ವಯಸ್ಸಿಗೆ ಸುಮಾರು ನಾಲ್ವರಲ್ಲಿ ಒಬ್ಬಳು ಶಾಲೆ ಬಿಟ್ಟಿದ್ದಳು, ಹತ್ತರಲ್ಲಿ ಒಬ್ಬಳಿಗೆ ಮದುವೆಯಾಗಿತ್ತು. ಇದು ಬೇರೆಯವರ ಮನೆಯ ಮಾತೆಂದು ನಾವು ಮಗ್ಗುಲಾಗುವಂತಿಲ್ಲ. ಸೋದರಮಾವ ಕಾಯುತ್ತಿದ್ದಾನೆ, ಬೇಗ ಮುಗಿಸಿಬಿಡೋಣ ಎಂಬ ಮಾತು ಯಾವ ಓಣಿಯಲ್ಲಿ ಕೇಳಿಲ್ಲ?

ಹದಿನೈದರ ಹುಡುಗಿಯ ಸೊಂಟದ ಎಲುಬಿನ ಬೆಳವಣಿಗೆ ಪೂರ್ಣಗೊಂಡಿರುವುದಿಲ್ಲ. ರಕ್ತಹೀನತೆಯೂ ಇದ್ದರೆ ಹೆರಿಗೆ ತಾಯಿ, ಕೂಸು ಇಬ್ಬರಿಗೂ ಗಂಡಾಂತರ. ಲೈಂಗಿಕ ಸೋಂಕುಗಳ ರೀತಿ ಇನ್ನೂ ಕಪಟದ್ದು. ಹೆಣ್ಣುಮಕ್ಕಳಲ್ಲಿ ಅನೇಕ ವೇಳೆ ಯಾವ ಲಕ್ಷಣವನ್ನೂ ತೋರದೆ ಅವು ಗರ್ಭಕೋಶಕ್ಕೂ ಅಂಡನಾಳಕ್ಕೂ ಹಬ್ಬುತ್ತವೆ. ಗಂಡನಿಂದ ಬಂದ ಸೋಂಕಿನಿಂದ ಮಕ್ಕಳಾಗದಿದ್ದರೆ ಬಂಜೆ ಎಂಬ ಹೆಸರು ಮಾತ್ರ ಅವಳಿಗೆ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾವರಿಯೆವು.

ಗಂಡುಮಕ್ಕಳ ಸಂಕಟ ಬೇರೆ. ಸ್ವಪ್ನಸ್ಖಲನ ರೋಗವಲ್ಲ, ಅದಕ್ಕೆಂದು ಗೋಡೆ ಜಾಹೀರಾತಿನ ಔಷಧಕ್ಕೆ ಹಣ ಸುರಿಯಬೇಕಾಗಿಲ್ಲ. ದುಡಿಮೆಗೆಂದು ಗುಳೆ ಹೋಗುವ ತರುಣನಿಗೆ ಸಂಯಮವನ್ನು ಬೋಧಿಸುವವರು, ಎಚ್.ಐ.ವಿ. ಹೇಗೆ ಹರಡುತ್ತದೆ, ಕಾಂಡೋಮ್ ಅದನ್ನು ಹೇಗೆ ತಡೆಯುತ್ತದೆ ಎಂಬುದನ್ನೂ ಹೇಳಿ ಕಳಿಸಬೇಕು. ಮಠದ ಪತ್ರಿಕೆಯಲ್ಲಿ ಇಂಥ ಮಾತೇ ಎಂದು ಕೆಲವರು ಹುಬ್ಬೇರಿಸಬಹುದು, ಏರಿಸಲಿ.

ಉರಿಮೂತ್ರ, ಹುಣ್ಣು, ದುರ್ವಾಸನೆಯ ಬಿಳಿಸೆರಗು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಿಫಿಲಿಸ್, ಗೊನೋರಿಯಾಗಳು ಸರಿಯಾದ ಚಿಕಿತ್ಸೆಯಿಂದ ಗುಣವಾಗುತ್ತವೆ. ಎಚ್.ಐ.ವಿ. ಪೂರ್ಣ ಗುಣವಾಗದಿದ್ದರೂ ನಿತ್ಯ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ; ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಎರಡೂ ಉಚಿತ, ಗುಟ್ಟು ಕಾಯುವುದು ಅವರ ಕರ್ತವ್ಯ. ಹದಿಹರೆಯದವರ ಸಮಾಲೋಚನೆಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಒಂಬತ್ತರಿಂದ ಹದಿನಾಲ್ಕರ ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯ ಬಗ್ಗೆಯೂ ವಿಚಾರಿಸಿರಿ.

ಮಗು ಯಾರದೋ ಸ್ಪರ್ಶದ ಬಗ್ಗೆ ಅಂಜಿ ಹೇಳಿದರೆ, ಆ ವ್ಯಕ್ತಿ ನೆಂಟನೇ ಆಗಿರಲಿ, ಮೊದಲು ಮಗುವನ್ನು ನಂಬಿರಿ. ನಂತರ 1098ಕ್ಕೆ ಕರೆ ಮಾಡಿರಿ.