ಕಡಲು ಕಾಣುವ ಮನೆ, ಪಹಣಿಯಲ್ಲಿ ಕಾಣದ ಗೆರೆ

ಗೋವಾದ ಬೆಲೆ ಕೇಳಿ ಬೆಚ್ಚಿದವರು ಈಗ ಗೋಕರ್ಣ, ಕುಮಟಾ, ಹೊನ್ನಾವರದ ಕಡೆ ಮುಖ ಮಾಡಿದ್ದಾರೆ. ನಾಲ್ಕಾರು ಗುಂಟೆ ಜಾಗ, ಚಿಕ್ಕದೊಂದು ಹೆಂಚಿನ ಮನೆ, ರಜೆಗೆ ಬಂದರೆ ಅಲೆಯ ಸದ್ದು. ಆಸೆ ತಪ್ಪಲ್ಲ. ಆದರೆ ದಲ್ಲಾಳಿ ಜಾಗ ತೋರಿಸುವುದು ಸಾಮಾನ್ಯವಾಗಿ ಜನವರಿಯ ತಂಪು ಸಂಜೆಯಲ್ಲಿ. ತೆಂಗಿನ ತೋಟ, ಅದರಾಚೆ ಗಾಳಿಮರಗಳು, ಅದರಾಚೆ ಸಮುದ್ರ. ‘ಇಲ್ಲಿಂದ ನೂರೇ ಹೆಜ್ಜೆ ಸಾರ್’ ಎನ್ನುತ್ತಾನೆ. ಕಾನೂನಿನ ಕಣ್ಣಿಗೆ ಆ ಜಾಗದ ದೊಡ್ಡ ದೋಷವೇ ಆ ನೂರು ಹೆಜ್ಜೆ.

ಸಮುದ್ರದ ಉಬ್ಬರ ತಲುಪುವ ಗೆರೆಯಿಂದ ಒಳನಾಡಿನತ್ತ 500 ಮೀಟರ್‌ವರೆಗಿನ ನೆಲ ಕರಾವಳಿ ನಿಯಂತ್ರಣ ವಲಯ. ಜನರ ಬಾಯಲ್ಲಿ ಅದು ಸಿಆರ್‌ಝೆಡ್. 1991ರಲ್ಲಿ ಮೊದಲು ಬಂದ ಈ ಅಧಿಸೂಚನೆ 2011ರಲ್ಲಿ ಬದಲಾಯಿತು, 2019ರಲ್ಲಿ ಮತ್ತೆ ಬದಲಾಯಿತು. ಈಗಿನ ನಿಯಮದಂತೆ ಹಳ್ಳಿಗಾಡಿನ ಕರಾವಳಿಯಲ್ಲಿ ಎರಡು ಬಗೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವ ಕಡೆ ಉಬ್ಬರದ ಗೆರೆಯಿಂದ 50 ಮೀಟರ್, ಅದಕ್ಕಿಂತ ಕಡಿಮೆ ಜನರಿರುವ ಕಡೆ 200 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. ಅಲ್ಲಿ ಮೊದಲೇ ಇರುವ ಅಧಿಕೃತ ಮನೆಯನ್ನು ರಿಪೇರಿ ಮಾಡಬಹುದು, ಅಷ್ಟೇ ತಳಪಾಯದ ಮೇಲೆ ಮತ್ತೆ ಕಟ್ಟಬಹುದು. ಮೀನುಗಾರರಂಥ ಕಡಲ ಮಕ್ಕಳಿಗೆ ಅಲ್ಲಿ ಬೇರೆ ಹಕ್ಕುಗಳಿವೆ. ರಜೆಗೆ ಬರುವ ನಮಗೆ ಆ ಹಕ್ಕಿಲ್ಲ, ಇರಬೇಕಾಗಿಯೂ ಇಲ್ಲ.

ಜನವಸತಿ ಕಡಿಮೆಯಿರುವ ಕಡೆ 200 ಮೀಟರ್ ದಾಟಿದೆವು ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. 200ರಿಂದ 500 ಮೀಟರ್ ನಡುವೆ ವಾಸದ ಮನೆಗೆ ಅವಕಾಶ ಇರುವುದು ಸಾಂಪ್ರದಾಯಿಕ ಹಕ್ಕು, ರೂಢಿಯ ಬಳಕೆ ಎಂಬ ಚೌಕಟ್ಟಿನೊಳಗೆ. ಎತ್ತರ 9 ಮೀಟರ್ ಮೀರಬಾರದು, ನೆಲಮಹಡಿಯ ಮೇಲೆ ಇನ್ನೊಂದೇ ಅಂತಸ್ತು. ಅಘನಾಶಿನಿ, ಶರಾವತಿಯ ಹಿನ್ನೀರಿನ ದಂಡೆಯಾದರೆ ನಿಯಮ ತಪ್ಪಿತೆಂದುಕೊಳ್ಳಬೇಡಿ. ಉಬ್ಬರವಿಳಿತ ಮುಟ್ಟುವ ನದಿ, ಅಳಿವೆಗಳ ದಡಕ್ಕೂ ವಲಯ ಹಬ್ಬಿದೆ. ಇನ್ನು ‘ನಮ್ಮ ಲೇಔಟಿಗೆ ಸ್ವಂತ ಬೀಚ್ ಇದೆ’ ಎನ್ನುವವನ ಮಾತು ನಂಬಲೇಬೇಡಿ. ಅಲೆ ತೋಯಿಸುವ ಮರಳು ಯಾರ ಪಹಣಿಯಲ್ಲೂ ಇಲ್ಲ.

‘ಪಂಚಾಯ್ತಿ ಲೈಸೆನ್ಸ್ ಇದೆಯಲ್ಲ, ಎನ್.ಎ. ಆಗಿದೆಯಲ್ಲ’ ಎಂಬುದು ಮುಂದಿನ ಸಮಾಧಾನ. ಕೊಚ್ಚಿಯ ಮರಡು ನೆನಪಿರಲಿ. ಅಲ್ಲಿನ ಹಿನ್ನೀರ ದಂಡೆಯ ಅಪಾರ್ಟ್‌ಮೆಂಟ್‌ಗಳಿಗೆ ಪಂಚಾಯ್ತಿಯೇ ಪರವಾನಗಿ ಕೊಟ್ಟಿತ್ತು. ಕರಾವಳಿ ವಲಯ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೆಡವಲು ಆದೇಶಿಸಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಸ್ಫೋಟಕಕ್ಕೆ ಉರುಳಿದವು. ಕೊಂಡವರಿಗೆ ಮಧ್ಯಂತರ ಪರಿಹಾರವೆಂದು ಕೋರ್ಟ್ ಕೊಡಿಸಿದ್ದು ತಲಾ 25 ಲಕ್ಷ ರೂಪಾಯಿ. ಇನ್ನು ಎನ್.ಎ., ಅಂದರೆ ಭೂ ಪರಿವರ್ತನೆಯ ಆದೇಶ ಹೇಳುವುದು ಜಮೀನು ಕೃಷಿಯೇತರ ಬಳಕೆಗೆ ಬಂತು ಎಂದಷ್ಟೇ. ಸಮುದ್ರದ ಗೆರೆಯನ್ನು ಅದು ಹಿಂದಕ್ಕೆ ಸರಿಸುವುದಿಲ್ಲ.

ಗೆರೆ ಆಯಿತು, ಈಗ ನೆಲದ ಜಾತಕ. ಉತ್ತರ ಕನ್ನಡದಲ್ಲಿ ಅತಿಕ್ರಮಣದ ಜಾಗ, ಬೆಟ್ಟದ ಜಾಗ. ಉಡುಪಿ, ಮಂಗಳೂರಿನ ಕಡೆ ಕುಮ್ಕಿ. ಕುಮ್ಕಿಯಲ್ಲಿ ಪಕ್ಕದ ವರ್ಗ ಜಮೀನಿನವನಿಗೆ ಸೊಪ್ಪು, ಸೌದೆಯ ಸವಲತ್ತು ಉಂಟು, ಮಾಲೀಕತ್ವ ಸರ್ಕಾರದ್ದೇ. ಇವನ್ನೆಲ್ಲ ‘ಐವತ್ತು ವರ್ಷದಿಂದ ನಮ್ಮ ಕೈಲೇ ಇದೆ’ ಎಂದು ಅಗ್ಗಕ್ಕೆ ಮಾರುವವರಿದ್ದಾರೆ. ಕೈಯಲ್ಲಿರುವುದು ಬೇರೆ, ಹಕ್ಕಿನಲ್ಲಿರುವುದು ಬೇರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಮರಳಿ ಪಡೆಯಲು ಅರ್ಜಿ ಹಾಕುವುದಕ್ಕೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಮೂವತ್ತು ವರ್ಷದ ಋಣಭಾರ ಪತ್ರ (ಇ.ಸಿ.) ಶುಭ್ರವಾಗಿದ್ದರೂ ಮೂಲ ಮಂಜೂರಾತಿ ಪತ್ರ ಕೇಳಬೇಕಾದದ್ದು ಇದಕ್ಕೇ.

ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಬಹುದು. ಈ ಮಾತು ಕೇಳಿ ದುಬೈ, ಅಮೆರಿಕದಲ್ಲಿರುವ ನಮ್ಮವರು ಹಿಗ್ಗುತ್ತಾರೆ. ಅವರಿಗೆ ಅನ್ವಯಿಸುವುದು ಬೇರೆ ಕಾನೂನು, ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ). ಅನಿವಾಸಿ ಭಾರತೀಯರು ಮನೆ, ಫ್ಲ್ಯಾಟು ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ತೋಟದ ನಡುವಿನ ಮನೆಗೆ ಮರುಳಾಗುವವರು ಮೊದಲು ಪಹಣಿಯಲ್ಲಿ ಅದು ಏನೆಂದು ನೋಡಲಿ.

ಪಹಣಿ ಹಿಡಿದರೆ 9ನೇ ಕಾಲಂನಲ್ಲಿ ಹೆಸರು ಯಾರದ್ದು, 11ರಲ್ಲಿ ಸಾಲ, ತಕರಾರು ಏನಿದೆ ಎಂದು ಓದಿ. ಹೆಸರು ಒಬ್ಬನದೇ ಇದ್ದರೂ ಆಸ್ತಿ ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ. ಮದುವೆಯಾಗಿ ಮುಂಬಯಿಗೆ ಹೋದ ಮಗಳ ಸಹಿ ಇಲ್ಲದ ಕ್ರಯಪತ್ರ ಕೋರ್ಟಿನ ಮೆಟ್ಟಿಲಿಗೆ ನೇರ ದಾರಿ. ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಪಂಚಾಯ್ತಿ ವ್ಯಾಪ್ತಿಯ ನಿವೇಶನವಾದರೆ ಇ-ಸ್ವತ್ತಿನ ನಮೂನೆ 9 ಕೇಳಿ. ‘ಜಿಪಿಎ ಮೇಲೆ ಕೊಡ್ತೇವೆ, ಆಮೇಲೆ ನೋಂದಣಿ’ ಎಂದವರಿಗೆ ಅಲ್ಲೇ ಕೈಮುಗಿಯಿರಿ. ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರದಿಂದ ಒಡೆತನ ದಾಟುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ವಿಲ್ಲಾ, ಲೇಔಟ್ ಯೋಜನೆಯಾದರೆ ರೇರಾ ನೋಂದಣಿ ಸಂಖ್ಯೆಯನ್ನು ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ‘ನೀವು ಇಲ್ಲದಾಗ ಹೋಮ್‌ಸ್ಟೇ ಮಾಡಿ ಇಎಂಐ ತೀರಿಸೋಣ’ ಎಂಬ ಲೆಕ್ಕವೂ ಕಚ್ಚಾ. ಸಿಆರ್‌ಝೆಡ್ ನಿಯಮ ಹೋಮ್‌ಸ್ಟೇಗೆ ದಾರಿ ಬಿಟ್ಟಿರುವುದು ಸ್ಥಳೀಯರಿಗೆ, ಅವರ ಈಗಿರುವ ಮನೆಗಳಲ್ಲಿ, ತಳಪಾಯ, ವಿನ್ಯಾಸ ಬದಲಿಸದೆ.

ಜಾಗ ಗೆರೆಯೊಳಗೋ ಹೊರಗೋ ಎಂದು ತಿಳಿಯುವುದು ನಿಮ್ಮ ಹಕ್ಕು. ಸರ್ವೆ ನಂಬರ್ ಬರೆದು, ಅದು ಕರಾವಳಿ ವಲಯದ ನಕ್ಷೆಯಲ್ಲಿ ಎಲ್ಲಿ ಬರುತ್ತದೆ, ಅಲ್ಲಿ ಯಾವ ಕಟ್ಟಡಕ್ಕೆ ಅನುಮತಿ ಕೊಡಲಾಗಿದೆ ಎಂದು ಕಾರವಾರ, ಉಡುಪಿ ಅಥವಾ ಮಂಗಳೂರಿನ ಪ್ರಾದೇಶಿಕ ಪರಿಸರ ನಿರ್ದೇಶಕರ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಅಷ್ಟರಲ್ಲಿ ಬೇರೆ ಪಾರ್ಟಿ ಎತ್ತಿಕೊಂಡು ಹೋಗ್ತಾರೆ’ ಎಂದು ದಲ್ಲಾಳಿ ಅವಸರ ಮಾಡುತ್ತಾನೆ. ಹೋಗಲಿ ಬಿಡಿ.

ಉತ್ತರ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿದಿದೆ. ಆಷಾಢದ ಹುಣ್ಣಿಮೆಗೋ ಅಮಾವಾಸ್ಯೆಗೋ ಮತ್ತೊಮ್ಮೆ ಬಂದು, ಉಬ್ಬರದ ಹೊತ್ತಿನಲ್ಲಿ ಅದೇ ಜಾಗದಲ್ಲಿ ನಿಂತು ನೋಡಿ. ಮುಂಗಡದ ಮಾತು ಆಮೇಲೆ.